ಲಿಫ್ಟ್ ಹಾಕಿದ ಮೇಲೆ ಮುಂದಿನ ಆಕ್ಸಲ್‌ನಲ್ಲಿ ಸದ್ದು: ಬಿಚ್ಚುವ ಮೊದಲು ಕಾರಣ ಹುಡುಕುವುದು ಹೇಗೆ

ಜೀಪಿಗೋ ಪಿಕಪ್‌ಗೋ ಲಿಫ್ಟ್ ಕಿಟ್ (ಗಾಡಿಯ ಎತ್ತರ ಹೆಚ್ಚಿಸುವ ಸ್ಪ್ರಿಂಗ್, ಸ್ಪೇಸರ್ ಮುಂತಾದವು) ಹಾಕಿಸಿದ ವಾರದೊಳಗೆ ಮುಂದಿನಿಂದ ಟಕಟಕ ಅಂತಲೋ ದಡ್ ಅಂತಲೋ ಸದ್ದು ಶುರುವಾದರೆ ಎಲ್ಲರ ಅನುಮಾನ ಮೊದಲು ಹೋಗುವುದು ಆಕ್ಸಲ್ ಜಾಯಿಂಟ್ ಮೇಲೆ. ಹೊಸ ಆಕ್ಸಲ್ ತರಿಸಿ ಹಾಕಿಯೂ ಆಗುತ್ತದೆ, ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ. ಲಿಫ್ಟ್ ಹಾಕಿದ ಹೊಸತರಲ್ಲಿ ಬರುವ ಸದ್ದಿಗೆ ಸವೆದ ಭಾಗ ಕಾರಣವಾಗುವುದು ಕಡಿಮೆ. ಒಂದೋ ಯಾವುದೋ ಬೋಲ್ಟ್ ಸರಿಯಾಗಿ ಬಿಗಿಯಾಗಿಲ್ಲ, ಇಲ್ಲವೇ ಬಿಗಿ ಮಾಡಿದ ಸ್ಥಿತಿ ತಪ್ಪು, ಅದೂ ಅಲ್ಲದಿದ್ದರೆ ಎತ್ತರ ಹೆಚ್ಚಾಗಿ ಕೋನ ಕೆಟ್ಟಿದೆ. ಈ ಮೂರೂ ಅಲ್ಲ ಎಂದು ಖಚಿತವಾದ ಮೇಲೆ ಬಿಡಿಭಾಗದ ಅಂಗಡಿಗೆ ಹೋಗಬಹುದು.

ಹುಡುಕುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸದ್ದು ಯಾವುದರ ಜೊತೆ ಬದಲಾಗುತ್ತದೆ? ಚಕ್ರದ ವೇಗದ ಜೊತೆಗೋ, ಸ್ಟೇರಿಂಗ್ ತಿರುಗಿಸಿದಾಗಲೋ, ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೋ, ಗುಂಡಿ ಹಂಪಿನಲ್ಲಿ ಚಕ್ರ ಮೇಲೆ ಕೆಳಗೆ ಆಡಿದಾಗಲೋ? ಇದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದಂತೆ. ಕೆಳಗಿನದೆಲ್ಲ ಆ ಉತ್ತರಕ್ಕೆ ತಲುಪುವ ದಾರಿ.

ಮೊದಲು: ನಿಮ್ಮ ಗಾಡಿಯ ಮುಂಭಾಗ ಯಾವ ಜಾತಿಯದು

ಕೊಡಗಿನ ತೋಟಗಳಲ್ಲಿ ಓಡುವ ಫೋರ್ ವೀಲ್ ಗಾಡಿಗಳು ಮುಂಭಾಗದ ಮಟ್ಟಿಗೆ ನಾಲ್ಕು ಬಗೆ. ಜಿಪ್ಸಿ, ಹಳೆಯ ಮಹೀಂದ್ರ ಜೀಪುಗಳದ್ದು ಗಟ್ಟಿ ಹೌಸಿಂಗ್ (ಎರಡೂ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ಕವಚ), ಪ್ಲೇಟ್ ಸ್ಪ್ರಿಂಗ್. ಜಿಮ್ನಿಯದೂ ಗಟ್ಟಿ ಹೌಸಿಂಗೇ, ಆದರೆ ಕಾಯಿಲ್ ಸ್ಪ್ರಿಂಗ್. 2020ರ ನಂತರದ ಥಾರ್, ಇಸುಜು ವಿ-ಕ್ರಾಸ್, ಹೈಲಕ್ಸ್ ಇವುಗಳಲ್ಲಿ ಎರಡು ಮುಂದಿನ ಚಕ್ರಗಳೂ ಬೇರೆ ಬೇರೆ ಆಡುತ್ತವೆ, ಮೇಲೊಂದು ಕೆಳಗೊಂದು ಆರ್ಮ್, ನಡುವೆ ಕಾಯಿಲ್. ಅದಕ್ಕೂ ಹಿಂದಿನ ಸಿಆರ್‌ಡಿಇ ಡೀಸೆಲ್ ಥಾರ್‌ನದೂ ಬೇರೆ ಬೇರೆ ಆಡುವ ಚಕ್ರಗಳೇ, ಆದರೆ ಕಾಯಿಲ್ ಬದಲು ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು). ಗಟ್ಟಿ ಹೌಸಿಂಗ್ ಗಾಡಿಯನ್ನು ಎತ್ತಿದರೆ ಆಕ್ಸಲ್ ಜಾಯಿಂಟಿನ ಕೋನ ಬದಲಾಗುವುದಿಲ್ಲ. ಹೌಸಿಂಗ್ ಮತ್ತು ಚಕ್ರದ ನಡುವಿನ ಸಂಬಂಧ ಹಾಗೇ ಉಳಿಯುತ್ತದೆ. ಅಲ್ಲಿ ಕೆಡುವುದು ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ. ಬೇರೆ ಬೇರೆ ಆಡುವ ಚಕ್ರಗಳ ಗಾಡಿಯಲ್ಲಿ ಇದರ ತಿರುವುಮುರುವು: ಪ್ರೊಪೆಲ್ಲರ್ ಹಾಗೇ ಇರುತ್ತದೆ, ಆಕ್ಸಲ್ ಜಾಯಿಂಟಿನ ಕೋನ ಕೆಡುತ್ತದೆ. ಜಿಮ್ನಿಗೆ ಲಿಫ್ಟ್ ಹಾಕಿ ಸದ್ದು ಬಂತೆಂದು ಆಕ್ಸಲ್ ಬದಲಿಸಲು ಹೊರಡುವವರು ಇಷ್ಟನ್ನು ತಿಳಿದರೆ ದುಡ್ಡು ಉಳಿದೀತು.

ಎರಡನೆಯದಾಗಿ ತಿಳಿಯಬೇಕಾದ್ದು: ಟೂ ವೀಲ್‌ನಲ್ಲಿ ಓಡುವಾಗ ನಿಮ್ಮ ಗಾಡಿಯ ಮುಂದಿನ ಆಕ್ಸಲ್ ತಿರುಗುತ್ತದೆಯೋ ಇಲ್ಲವೋ. ಪುಸ್ತಕ ಹುಡುಕುವ ಬದಲು ಹೀಗೆ ನೋಡಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಇಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಮುಂದಿನ ಎರಡೂ ಚಕ್ರ ಎತ್ತಿ, ಚಾಸಿ ಕೆಳಗೆ ಜ್ಯಾಕ್ ಸ್ಟ್ಯಾಂಡ್ ಕೊಡಿ. ಗೇರ್ ನ್ಯೂಟ್ರಲ್, ಫೋರ್ ವೀಲ್ ಲಿವರ್ ಟೂ ಹೈನಲ್ಲಿ (ಹಿಂದಿನ ಚಕ್ರಗಳಿಗೆ ಮಾತ್ರ ಎಳೆತ). ಒಬ್ಬರು ಒಂದು ಚಕ್ರ ಕೈಯಲ್ಲಿ ತಿರುಗಿಸಲಿ, ಇನ್ನೊಬ್ಬರು ಕೆಳಗೆ ನೋಡಲಿ. ಚಕ್ರ ಮಾತ್ರ ತಿರುಗಿ ಆಕ್ಸಲ್ ನಿಂತೇ ಇದ್ದರೆ ಹಬ್ ಬೇರ್ಪಡುತ್ತಿದೆ. ಅಂಥ ಗಾಡಿಯಲ್ಲಿ ಟೂ ವೀಲ್‌ನಲ್ಲೂ ಬರುವ ಸದ್ದಿಗೆ ಆಕ್ಸಲ್, ಕ್ರೌನ್ (ಡಿಫರೆನ್ಶಿಯಲ್ ಒಳಗಿನ ದೊಡ್ಡ ಗೇರು), ಮುಂದಿನ ಪ್ರೊಪೆಲ್ಲರ್ ಯಾವುದೂ ಕಾರಣವಲ್ಲ. ಒಂದೇಟಿಗೆ ಅರ್ಧ ಪಟ್ಟಿ ಅಳಿಸಿ ಹೋಯಿತು. ಆಕ್ಸಲೂ ತಿರುಗಿದರೆ ಕೋನ ಕೆಟ್ಟ ಜಾಯಿಂಟು ಟಾರ್ ರಸ್ತೆಯಲ್ಲಿ ಟೂ ವೀಲ್‌ನಲ್ಲೂ ದಿನವಿಡೀ ತಿರುಗುತ್ತಿರುತ್ತದೆ ಎಂದು ನೆನಪಿಡಿ.

ಬೇಕಾದ ಸಾಮಾನು

ಜ್ಯಾಕ್, ಎರಡು ಗಟ್ಟಿ ಜ್ಯಾಕ್ ಸ್ಟ್ಯಾಂಡ್, ಟಾರ್ಕ್ ರೆಂಚ್, ಎರಡಡಿಯ ಕಬ್ಬಿಣದ ಹಾರೆ, ಟೇಪು, ಸೀಮೆಸುಣ್ಣ, ಬಿಳಿ ಪೇಂಟ್ ಪೆನ್, ಟಾರ್ಚ್, ಸೋಪು ನೀರು ತುಂಬಿದ ಸ್ಪ್ರೇ ಬಾಟಲಿ, ಕೋನ ಅಳೆಯುವ ಆ್ಯಪ್ ಇರುವ ಫೋನು. ಜೊತೆಗೆ ಒಬ್ಬ ಸಹಾಯಕ. ಗಾಡಿ ಎತ್ತರವಾಗಿದ್ದರೆ ಪಿಟ್ ಬೇಕಾಗುವುದಿಲ್ಲ. ಜಾಗಕ್ಕೆ ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯದು ಸಿಕ್ಕದು: ಗಟ್ಟಿ ಸಿಮೆಂಟು, ಹೆಚ್ಚು ಕಡಿಮೆ ಸಮತಟ್ಟು. ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಆ ಆಸೆ ಬಿಡಬೇಕು. ನೀರು ಹರಿದು ಹೋಗಲೆಂದು ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಹಾಗಾಗಿ ಎತ್ತರ ಅಳೆಯುವಾಗ ಒಮ್ಮೆ ಅಳೆದು, ಗಾಡಿಯನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ನಿಲ್ಲಿಸಿ ಮತ್ತೊಮ್ಮೆ ಅಳೆದು ಸರಾಸರಿ ತೆಗೆಯಿರಿ. ಅಂಗಳದ ಮಣ್ಣಿನ ಮೇಲೆ, ಅದರಲ್ಲೂ ಮಳೆಗಾಲದಲ್ಲಿ, ಜ್ಯಾಕ್ ಸ್ಟ್ಯಾಂಡ್ ಇಡಲೇಬೇಡಿ, ಕಾಲು ಹೂತು ವಾಲುತ್ತದೆ. (ಮಳೆಗಾಲದಲ್ಲಿ ಗಾಡಿ ಕೆಳಗೆ ಮಲಗುವವರು ಜಿಗಣೆಗೆ ಸುಣ್ಣವೋ ಉಪ್ಪೋ ಪಕ್ಕದಲ್ಲಿ ಇಟ್ಟುಕೊಳ್ಳುವುದು ಟಾರ್ಕ್ ರೆಂಚಿನಷ್ಟೇ ಮುಖ್ಯ.)

ತೊಳೆಯುವುದೂ ಪರೀಕ್ಷೆಯ ಭಾಗವೇ. ರಿಮ್ಮಿನ ಒಳಗೆ ಒಣಗಿ ಅಂಟಿದ ಕೆಮ್ಮಣ್ಣು ಚಕ್ರದ ತೂಕ ಕೆಡಿಸಿ ನಡುಕ ತರುತ್ತದೆ. ಬ್ರೇಕ್ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಸಿಕ್ಕಿದ ಚಿಕ್ಕ ಜಲ್ಲಿಕಲ್ಲು ಕಿವಿ ಚುಚ್ಚುವಂತೆ ಕಿರ್ರೆನ್ನುತ್ತದೆ. ಮಾಂದಲ್‌ಪಟ್ಟಿಯಂಥ ದಾರಿಯಲ್ಲಿ ಇಳಿದು ಬಂದ ಗಾಡಿಗೆ ಇವೆರಡೂ ಮಾಮೂಲು. ಲಿಫ್ಟ್ ಹಾಕುವಾಗ ಕೈ ತಗುಲಿ ಆ ತಗಡು ಬಾಗಿ ಡಿಸ್ಕಿಗೆ ಉಜ್ಜುವುದೂ ಇದೆ. ಸ್ಕ್ರೂಡ್ರೈವರ್ ತುದಿಯಿಂದ ಹೊರಕ್ಕೆ ಬಾಗಿಸಿದರೆ ಮುಗಿಯಿತು.

ಅಳತೆ: ನಿಜಕ್ಕೂ ಎಷ್ಟು ಎತ್ತಿದ್ದೀರಿ

ಚಕ್ರದ ನಡುಬಿಂದುವಿನಿಂದ ನೇರ ಮೇಲಿನ ಫೆಂಡರ್ ಅಂಚಿನವರೆಗೆ ಟೇಪು ಹಿಡಿದು ಎರಡೂ ಬದಿ ಅಳೆಯಿರಿ. ಹೀಗೆ ಅಳೆದರೆ ಟೈರ್ ದೊಡ್ಡದೋ ಚಿಕ್ಕದೋ ಲೆಕ್ಕಕ್ಕೆ ಬರುವುದಿಲ್ಲ. ಎಡಬಲಕ್ಕೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಪ್ರಿಂಗ್ ತನ್ನ ಸೀಟಿನಲ್ಲಿ ಸರಿಯಾಗಿ ಕೂತಿಲ್ಲ, ಅಥವಾ ಟಾರ್ಶನ್ ಬಾರ್ ಒಂದು ಕಡೆ ಹೆಚ್ಚು ತಿರುಗಿಸಿದ್ದಾರೆ.

ಕಿಟ್ ಡಬ್ಬಿಯ ಮೇಲಿನ ಅಂಕಿಯನ್ನು ನಂಬಬೇಡಿ. ಕಾಯಿಲ್ ಮತ್ತು ಶಾಕ್ ಕೂತಿರುವುದು ಕೆಳ ಆರ್ಮಿನ ತುದಿಯಲ್ಲಲ್ಲ, ನಡುವಿನಲ್ಲಿ. ಆದ್ದರಿಂದ ಶಾಕಿನ ತಲೆಗೆ 25 ಮಿ.ಮೀ. ಸ್ಪೇಸರ್ ಇಟ್ಟರೆ ಚಕ್ರದ ಬಳಿ ಎತ್ತರ ಸುಮಾರು 40ರಿಂದ 50 ಮಿ.ಮೀ. ಏರುತ್ತದೆ. ಇದು ಗೊತ್ತಿಲ್ಲದೆ ‘ಎರಡಿಂಚು ಬೇಕು’ ಎಂದು 50 ಮಿ.ಮೀ. ಸ್ಪೇಸರ್ ಕೂರಿಸಿದವರ ಗಾಡಿ ಮೂರೂವರೆ ಇಂಚಿನ ಆಸುಪಾಸು ಎದ್ದು ನಿಂತಿರುತ್ತದೆ. ಅಂಥ ಗಾಡಿಯಲ್ಲಿ ಸದ್ದು ಬರದಿದ್ದರೇ ಅಚ್ಚರಿ. ಜಿಮ್ನಿಯಲ್ಲಿ ಸ್ಪ್ರಿಂಗ್ ಹೌಸಿಂಗ್ ಮೇಲೆಯೇ ಕೂರುವುದರಿಂದ ಇಟ್ಟಷ್ಟೇ, ಹೆಚ್ಚು ಕಡಿಮೆ, ಏರುತ್ತದೆ.

ಈಗ ಕೋನ. ಗಾಡಿ ನೆಲದ ಮೇಲೆ, ಚಕ್ರ ನೇರ. ಫೋನನ್ನು ಆಕ್ಸಲ್ ದಂಡದ ಉದ್ದಕ್ಕೆ ಒತ್ತಿ ಹಿಡಿದು ಓದಿ. ಎರಡು ಜಾಯಿಂಟುಗಳ ನಡುವೆ 400 ಮಿ.ಮೀ. ಇರುವ ಆಕ್ಸಲ್ ಮೊದಲು ಮಟ್ಟವಾಗಿದ್ದರೆ 50 ಮಿ.ಮೀ. ಎತ್ತಿದಾಗ ಸುಮಾರು 7 ಡಿಗ್ರಿ, 75 ಮಿ.ಮೀ.ಗೆ 10 ಡಿಗ್ರಿಗೂ ಮೇಲೆ ಬಾಗುತ್ತದೆ. ಹೊರಗಿನ ಗುಂಡುಗಳ ಜಾಯಿಂಟು ಸ್ಟೇರಿಂಗ್ ತಿರುವಿಗೆಂದೇ ಮಾಡಿದ್ದು, 40 ಡಿಗ್ರಿ ಮೀರಿಯೂ ತಾಳುತ್ತದೆ. ಒಳಗಿನದು ಹಾಗಲ್ಲ. ಅದರಲ್ಲಿ ಸಾಮಾನ್ಯವಾಗಿ ಮೂರು ರೋಲರ್ ಇದ್ದು, ಅವು ಒಳಗೂ ಹೊರಗೂ ಜಾರುತ್ತಾ ತಿರುಗುತ್ತವೆ. ಕೋನ ಹತ್ತು ಡಿಗ್ರಿ ದಾಟಿದಂತೆ ಆ ಜಾರುವಿಕೆ ಮೆತ್ತಗಿರದೆ ತಳ್ಳಾಟವಾಗುತ್ತದೆ, ಗಾಡಿ ನಡುಗುತ್ತದೆ. ಅಂದರೆ ಲಿಫ್ಟಿನ ನಂತರ ಮೊದಲು ದೂರುವುದು ಒಳ ಜಾಯಿಂಟು. ಜನ ಬದಲಿಸಲು ಹೊರಡುವುದು ಹೊರಗಿನದನ್ನು.

ರಸ್ತೆಯಲ್ಲಿ ಕೇಳುವುದು

ಕಿಟಕಿ ಇಳಿಸಿ, ಹಾಡು, ಏಸಿ, ಫ್ಯಾನ್ ಎಲ್ಲ ನಿಲ್ಲಿಸಿ. ಡ್ಯಾಶ್‌ಬೋರ್ಡ್ ಡ್ರಾಯರಿನಲ್ಲಿರುವ ಕತ್ತಿ, ಪಾನಾ, ನಾಣ್ಯ ಹೊರಗಿಡಿ. ಕೊಡಗಿನ ರಸ್ತೆಗಳಲ್ಲಿ ಒಂದು ಅನುಕೂಲವಿದೆ: ಗುಡ್ಡ ಕಡಿದು ಮಾಡಿದ ರಸ್ತೆಯ ಪಕ್ಕದ ಬರೆ. ಬರೆಗೆ ಹತ್ತಿರವಾಗಿ ನಿಧಾನಕ್ಕೆ ಹೋದರೆ ಆ ಬದಿಯ ಚಕ್ರದ ಸದ್ದು ಬರೆಗೆ ಬಡಿದು ಕಿಟಕಿಯೊಳಗೆ ಬರುತ್ತದೆ. ಹೋಗುವಾಗ ಎಡಗಡೆ ಕೇಳಿ. ಬಲಗಡೆಗೆ ತೋಟದ ಖಾಸಗಿ ದಾರಿ ಹುಡುಕಿಕೊಳ್ಳಿ, ಸಾರ್ವಜನಿಕ ರಸ್ತೆಯಲ್ಲಿ ತಪ್ಪು ಬದಿಗೆ ಹೋಗಬೇಡಿ. ತಿತಿಮತಿ ಕಡೆಯ ಕಾಡಿನ ರಸ್ತೆಯಲ್ಲಿ ಸದ್ದು ಕೇಳಲೆಂದು ನಿಲ್ಲಿಸಿ ಇಳಿಯುವುದೂ ಬೇಡ, ಆನೆಗೆ ನಿಮ್ಮ ಬೇರಿಂಗಿನ ಚಿಂತೆಯಿಲ್ಲ.

ಮೊದಲ ಓಟ, ಲಯ ಎಣಿಸಲು. ಸಮತಟ್ಟಿನಲ್ಲಿ ಗಂಟೆಗೆ 20 ಕಿ.ಮೀ. ಸ್ಥಿರವಾಗಿ ಹೋಗಿ. 245/75 ಆರ್ 16 ಟೈರಿನ ಸುತ್ತಳತೆ ಸುಮಾರು 2.43 ಮೀಟರ್. ಆ ವೇಗದಲ್ಲಿ ಚಕ್ರ ಸೆಕೆಂಡಿಗೆ ಎರಡು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. ಟಕ್... ಟಕ್... ಎಂದು ಸೆಕೆಂಡಿಗೆ ಎರಡರಂತೆ ಎಣಿಸಲು ಬಂದರೆ ಅದು ಚಕ್ರ, ಡಿಸ್ಕ್, ಟೈರು, ಅಥವಾ ಟೈರಿಗೆ ತಾಗುವ ವೈರು. ಪ್ರೊಪೆಲ್ಲರ್ ಅದರ ಸುಮಾರು ನಾಲ್ಕು ಪಟ್ಟು ವೇಗದಲ್ಲಿ, ಸೆಕೆಂಡಿಗೆ ಒಂಬತ್ತರಷ್ಟು ತಿರುಗುವುದರಿಂದ ಎಣಿಸಲಾಗುವುದಿಲ್ಲ, ಗುರ್ರ್ ಎಂದು ಕೂಡಿ ಕೇಳುತ್ತದೆ. ಒಳ ಜಾಯಿಂಟಿನ ನಡುಕ ಚಕ್ರದ ಒಂದು ಸುತ್ತಿಗೆ ಮೂರು ಬಾರಿ. 40ರ ವೇಗದಲ್ಲಿ ಸೆಕೆಂಡಿಗೆ 13-14 ಸಲ, ಅದು ಕಿವಿಗಿಂತ ಸ್ಟೇರಿಂಗಿಗೂ ಕಾಲಡಿಗೂ ಚೆನ್ನಾಗಿ ತಿಳಿಯುತ್ತದೆ.

ಎರಡನೆಯ ಓಟ, ಭಾರ ಬದಲಿಸಲು. 40-50ರಲ್ಲಿ ನ್ಯೂಟ್ರಲ್‌ಗೆ ತಂದು ತೇಲಿಬಿಡಿ, ಸಮತಟ್ಟಾದ ಖಾಲಿ ರಸ್ತೆಯಲ್ಲಿ ಮಾತ್ರ. ಕುಶಾಲನಗರದ ಕಡೆಯ ಬಯಲು ರಸ್ತೆ ಇದಕ್ಕೆ ಸರಿ, ಸಂಪಾಜೆ ಘಾಟಿಯ ಇಳಿಜಾರಲ್ಲಿ ಖಂಡಿತ ಬೇಡ. ಸದ್ದು ಹಾಗೇ ಉಳಿದರೆ ಬೇರಿಂಗ್, ಟೈರು. ಆಕ್ಸಿಲರೇಟರ್ ಬಿಟ್ಟ ಕ್ಷಣ ಮಾಯವಾದರೆ ಜಾಯಿಂಟು, ಪ್ರೊಪೆಲ್ಲರ್, ಕ್ರೌನ್.

ಮೂರನೆಯದು, ತಿರುವು. ಗುಂಯ್‌ಗುಟ್ಟುವ ಸದ್ದು ಬಲಕ್ಕೆ ತಿರುಗಿದಾಗ ಏರಿ ಎಡಕ್ಕೆ ತಿರುಗಿದಾಗ ಇಳಿದರೆ ಎಡಗಡೆಯ ಬೇರಿಂಗ್ ಮೇಲೆ ಅನುಮಾನ, ಏಕೆಂದರೆ ತಿರುವಿನಲ್ಲಿ ತೂಕ ಹೊರಬದಿಯ ಚಕ್ರದ ಮೇಲೆ ಬೀಳುತ್ತದೆ. ಮಡಿಕೇರಿ ಸುತ್ತಮುತ್ತ ಈ ಪರೀಕ್ಷೆಗೆ ತಿರುವು ಹುಡುಕಬೇಕಾಗಿಲ್ಲ.

ನಾಲ್ಕನೆಯದು, ಫೋರ್ ಹೈ, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟು. ಇದನ್ನು ಮಣ್ಣು, ಜಲ್ಲಿ ಅಥವಾ ಒದ್ದೆ ಹುಲ್ಲಿನ ಮೇಲೆ ಮಾತ್ರ ಮಾಡಿ. ಒಣ ಟಾರಿನಲ್ಲಿ ಫೋರ್ ಹೈ ಹಾಕಿ ಸ್ಟೇರಿಂಗ್ ತಿರುಗಿಸಿದರೆ ಯಾವ ಗಾಡಿಯೂ ಬಿಗಿದುಕೊಂಡು ಟಕ್ಕೆನ್ನುತ್ತದೆ. ತೋಟದಿಂದ ಹೊರಬಂದು ಲಿವರ್ ಹಿಂದಕ್ಕೆ ಹಾಕಲು ಮರೆತು, ಲಿಫ್ಟ್ ಹಾಕಿದವರ ಮೇಲೆ ತಪ್ಪು ಹೊರಿಸುವುದು ಕಡಿಮೆಯೇನಲ್ಲ. ಜಲ್ಲಿಯ ಮೇಲೆ ಸ್ಟೇರಿಂಗ್ ಪೂರ್ತಿ ಎಡಕ್ಕೆ, ಆಮೇಲೆ ಬಲಕ್ಕೆ ತಿರುಗಿಸಿ ನಡಿಗೆಯ ವೇಗದಲ್ಲಿ ಸುತ್ತು ಹಾಕಿ, ರಿವರ್ಸಿನಲ್ಲೂ ಹಾಕಿ. ಕಟಕಟ ಎಂದು ಚಕ್ರದ ವೇಗಕ್ಕೆ ಸರಿಯಾಗಿ ಬಂದರೆ ಹೊರ ಜಾಯಿಂಟು. ಟೂ ವೀಲ್‌ನಲ್ಲಿ ಮುಂದಿನ ಆಕ್ಸಲ್‌ಗೆ ಎಂಜಿನ್ನಿನ ಎಳೆತವಿರುವುದಿಲ್ಲವಾದ್ದರಿಂದ ಸವೆದ ಜಾಯಿಂಟೂ ಸುಮ್ಮನಿರಬಹುದು.

ಐದನೆಯದು, ಹಂಪು. ಎರಡೂ ಚಕ್ರ ಒಟ್ಟಿಗೆ, ಆಮೇಲೆ ಒಂದೊಂದೇ ಚಕ್ರ ಹತ್ತಿಸಿ ಇಳಿಸಿ. ಹತ್ತುವಾಗ ಸದ್ದೋ ಇಳಿಯುವಾಗಲೋ ಎಂಬುದನ್ನು ಬರೆದಿಟ್ಟುಕೊಳ್ಳಿ. ಕೆಳಗೆ ದಡ್ ಸದ್ದಿನ ಬಗ್ಗೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ದಡ್ ಎನ್ನುವ ಸದ್ದು

ಲಿಫ್ಟಿನ ನಂತರದ ದೂರುಗಳಲ್ಲಿ ಹೆಚ್ಚಿನವು ಇವೇ, ಕಾರಣಗಳೂ ಹೆಚ್ಚು.

ಚಕ್ರ ಹಂಪಿನಿಂದ ಇಳಿದು ಜೋತುಬೀಳುವಾಗ ದಡ್ ಎಂದರೆ, ಅದು ಕೆಳಗಿನ ಮಿತಿಗೆ ತಾಗುತ್ತಿದೆ. ಇದರಲ್ಲಿ ಎರಡು ಬಗೆ, ಪರಿಹಾರವೂ ಬೇರೆ ಬೇರೆ. ಟಾರ್ಶನ್ ಬಾರ್ ತಿರುಗಿಸಿ ಅಥವಾ ಅದೇ ಶಾಕಿಗೆ ಗಟ್ಟಿ ಸ್ಪ್ರಿಂಗ್ ಹಾಕಿ ಎತ್ತಿದ್ದರೆ, ಮಿತಿ ಮೊದಲಿನದೇ, ಆದರೆ ಗಾಡಿ ನಿಂತಲ್ಲೇ ಆ ಮಿತಿಯ ಹತ್ತಿರ ಬಂದಿದೆ. ಚಿಕ್ಕ ಗುಂಡಿಗೂ ಆರ್ಮ್ ಹೋಗಿ ರಬ್ಬರ್ ಸ್ಟಾಪಿಗೆ ಬಡಿಯುತ್ತದೆ. ಗಾಡಿ ನಿಂತಿರುವಾಗ ಆ ಸ್ಟಾಪಿಗೂ ಆರ್ಮಿಗೂ ನಡುವೆ ಬೆರಳು ತೂರುವಷ್ಟೂ ಜಾಗ ಇಲ್ಲದಿದ್ದರೆ ಇಳಿಸುವುದೊಂದೇ ದಾರಿ. ಟಾರ್ಶನ್ ಬಾರ್ ಬೋಲ್ಟನ್ನು ಎರಡೂ ಬದಿ ಸಮವಾಗಿ ಒಂದೆರಡು ಸುತ್ತು ಸಡಿಲಿಸಿ, ಗಾಡಿ ಸ್ವಲ್ಪ ಓಡಿಸಿ ಕೂರಲು ಬಿಟ್ಟು, ಮತ್ತೆ ಅಳೆಯಿರಿ.

ಶಾಕಿನ ತಲೆಗೆ ಸ್ಪೇಸರ್ ಇಟ್ಟಿದ್ದರೆ ಕಥೆ ಬೇರೆ. ಶಾಕ್ ಕೆಳಗೆ ಜಾರಿದ್ದರಿಂದ ಆರ್ಮ್ ಮೊದಲಿಗಿಂತ ಹೆಚ್ಚು ಜೋತುಬೀಳುತ್ತದೆ. ಆಗ ಮೇಲಿನ ಆರ್ಮ್ ಹೋಗಿ ಕಾಯಿಲ್ ಸ್ಪ್ರಿಂಗಿಗೇ ಬಡಿಯಬಹುದು, ಬಾಲ್ ಜಾಯಿಂಟು ತನ್ನ ಕೊನೆ ಮುಟ್ಟಬಹುದು. ಸ್ಪ್ರಿಂಗಿನ ಬಣ್ಣ ಹೋಗಿ ಹೊಳೆಯುವ ಗೆರೆ, ಆರ್ಮಿನ ಒಳ ಅಂಚಿನಲ್ಲಿ ಜಜ್ಜಿದ ಗುರುತು ಇವೆಯೇ ನೋಡಿ. ಅನುಮಾನವಿದ್ದಲ್ಲಿ ಸೀಮೆಸುಣ್ಣ ದಪ್ಪಗೆ ಬಳಿದು ನಾಲ್ಕು ಹಂಪು ಹತ್ತಿಸಿ ಇಳಿಸಿ. ಸುಣ್ಣ ಅಳಿಸಿದಲ್ಲಿ ಉತ್ತರವಿದೆ. ಇಲ್ಲಿ ಬೇಕಾದ್ದು ಚಿಕ್ಕ ಸ್ಪೇಸರ್, ಅಥವಾ ಲಿಫ್ಟಿಗೆಂದೇ ಮಾಡಿದ ಮೇಲಿನ ಆರ್ಮ್. ಬಾಲ್ ಜಾಯಿಂಟು ಕೊನೆ ಮುಟ್ಟುತ್ತಿರುವ ಗಾಡಿಯನ್ನು ಓಡಿಸುತ್ತಲೇ ಇರಬೇಡಿ, ಅದು ಕಿತ್ತುಬಂದರೆ ಚಕ್ರ ಮಡಚಿಕೊಳ್ಳುತ್ತದೆ.

ಹತ್ತುವಾಗಲೂ ಇಳಿಯುವಾಗಲೂ ಒಣ ಟಕ್ ಬಂದರೆ ಸಡಿಲ ಬೋಲ್ಟು. ಹುಡುಕುವ ಕ್ರಮ ಹೀಗಿರಲಿ: ಶಾಕಿನ ತಲೆಯ ಮೂರೋ ನಾಲ್ಕೋ ನಟ್ಟು, ಶಾಕಿನ ಕೆಳ ಬೋಲ್ಟು, ಸ್ಟೆಬಿಲೈಸರ್ ಲಿಂಕ್, ಕೆಳ ಆರ್ಮಿನ ಬೋಲ್ಟು, ಬ್ರೇಕ್ ಕ್ಯಾಲಿಪರ್ ಬೋಲ್ಟು, ಕೊನೆಗೆ ಚಕ್ರದ ನಟ್ಟು. ಟಾರ್ಕ್ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನದೇ ಆಗಲಿ, ಬೇರೆ ಗಾಡಿಯದನ್ನು ಎರವಲು ತರಬೇಡಿ. ಬಿಗಿ ಮಾಡಿದ ಪ್ರತಿ ನಟ್ಟಿಗೂ, ಅದು ಕೂತ ಲೋಹಕ್ಕೂ ಸೇರಿಸಿ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಮುಂದೆ ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದು ದೂರದಿಂದಲೇ ಕಾಣುತ್ತದೆ.

ಸ್ಟೆಬಿಲೈಸರ್ ಲಿಂಕಿನ ಮೇಲೆ ಅನುಮಾನವಿದ್ದರೆ ಎರಡೂ ಬದಿಯ ಲಿಂಕ್ ಬಿಚ್ಚಿ, ಬಾರ್ ಎಲ್ಲೂ ತಾಗದಂತೆ ತಂತಿಯಲ್ಲಿ ಮೇಲೆ ಕಟ್ಟಿ, ತೋಟದೊಳಗೆ 20ರ ವೇಗ ಮೀರದೆ ಓಡಿಸಿ ನೋಡಿ. ಸದ್ದು ಹೋದರೆ ಲಿಂಕೋ ಬಾರಿನ ಬುಷ್ಷೋ. ಒಂದೇ ಬದಿ ಬಿಚ್ಚಿದರೆ ಏನೂ ತಿಳಿಯುವುದಿಲ್ಲ.

ಕೀಚುಗುಟ್ಟುವ ಸದ್ದು, ಮತ್ತು ಎಲ್ಲರೂ ಮಾಡುವ ತಪ್ಪು

ಆರ್ಮಿನ ಬುಷ್ ಒಳಗಿನ ರಬ್ಬರ್, ಒಳಕೊಳವೆಗೂ ಹೊರಕೊಳವೆಗೂ ಅಂಟಿಕೊಂಡಿರುತ್ತದೆ. ಅದು ಜಾರುವುದಿಲ್ಲ, ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ಜೋತಿರುವಾಗಲೇ ಬೋಲ್ಟು ಬಿಗಿ ಮಾಡಿದರೆ, ಗಾಡಿ ಇಳಿಸಿದ ಕೂಡಲೇ ರಬ್ಬರ್ ಪೂರ್ತಿ ತಿರುಚಿದ ಸ್ಥಿತಿಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಮೊದಲು ಕೀಚುಗುಟ್ಟುತ್ತದೆ, ಗಾಡಿ ಗಡುಸಾಗುತ್ತದೆ, ಕೆಲವೇ ತಿಂಗಳಲ್ಲಿ ಹರಿದು ದಡ್ ಎನ್ನಲು ಶುರುವಾಗುತ್ತದೆ. ಜ್ಯಾಕ್ ಮೇಲಿದ್ದಾಗಲೇ ಏರ್ ಗನ್ನಿನಲ್ಲಿ ಎಲ್ಲ ಬಿಗಿ ಮಾಡಿ ಗಾಡಿ ಇಳಿಸುವ ಅಭ್ಯಾಸದ ಫಲ ಇದು.

ಸರಿಪಡಿಸಲು ಹಣ ಬೇಡ. ಗಾಡಿಯನ್ನು ಚಕ್ರಗಳ ಮೇಲೆ ನಿಲ್ಲಿಸಿ. ಕೈ ತೂರದಿದ್ದರೆ ನಾಲ್ಕೂ ಚಕ್ರದಡಿ ದಪ್ಪ ಹಲಗೆ ಕೊಡಿ. ಆರ್ಮಿನ ಒಳಬದಿಯ ಬೋಲ್ಟುಗಳನ್ನು ಒಂದು ಸುತ್ತು ಸಡಿಲಿಸಿ. ಬಂಪರ್ ಒತ್ತಿ ಐದಾರು ಬಾರಿ ಕುಣಿಸಿ, ಎರಡು ಮೀಟರ್ ಹಿಂದೆ ಮುಂದೆ ಉರುಳಿಸಿ. ಆಮೇಲೆ ಅದೇ ಸ್ಥಿತಿಯಲ್ಲಿ ಟಾರ್ಕಿಗೆ ಬಿಗಿ ಮಾಡಿ. ಆ ಬೋಲ್ಟುಗಳಲ್ಲಿ ಅಲೈನ್‌ಮೆಂಟಿನ ಕ್ಯಾಮ್ ಇದ್ದರೆ ಸಡಿಲಿಸುವ ಮೊದಲು ಅದರ ಸ್ಥಾನಕ್ಕೆ ಗೆರೆ ಹಾಕಿಕೊಳ್ಳಿ.

ಯಾವ ಬುಷ್ ಎಂದು ತಿಳಿಯಲು ಸೋಪು ನೀರು ಒಂದೊಂದಕ್ಕೇ ಸಿಂಪಡಿಸಿ ಕುಣಿಸಿ ನೋಡಿ. ನಿಂತ ಕಡೆ ಕಾರಣ. ಎಂಜಿನ್ ಆಯಿಲ್, ಸಾದಾ ಗ್ರೀಸ್ ರಬ್ಬರಿಗೆ ಹಚ್ಚಬೇಡಿ, ಉಬ್ಬಿ ಕೊಳೆಯುತ್ತದೆ. ಕೋನ ಹೆಚ್ಚಾದ ಆಕ್ಸಲಿನ ರಬ್ಬರ್ ಬೂಟಿನ ಮಡಿಕೆಗಳೂ ಒಂದಕ್ಕೊಂದು ಉಜ್ಜಿ ಮಳೆಯಲ್ಲಿ ಕೀಚೆನ್ನುತ್ತವೆ. ಸದ್ದು ಮಳೆಗಾಲದಲ್ಲಿ ಮಾತ್ರ, ಚಕ್ರ ತಿರುಗುವ ಲಯಕ್ಕೇ ಬಂದರೆ ಮೊದಲು ಬೂಟಿಗೆ ಸಿಲಿಕೋನ್ ಸ್ಪ್ರೇ ಹೊಡೆದು ನೋಡಿ.

ಆಕ್ಸಲ್ ಜಾಯಿಂಟು

ಬೂಟನ್ನು ಬೆರಳಿನಿಂದ ಮಡಿಕೆ ಮಡಿಕೆ ಬಿಡಿಸಿ ನೋಡಿ. ಹರಿದಿದ್ದರೆ ರಿಮ್ಮಿನ ಒಳಮೈಗೂ ಆರ್ಮಿಗೂ ಗ್ರೀಸ್ ಎರಚಿರುತ್ತದೆ. ಹರಿದ ಬೂಟಿನೊಳಗೆ ಕೆಮ್ಮಣ್ಣು ನೀರು ಹೋದರೆ ಗ್ರೀಸೇ ಸಾಣೆಪುಡಿಯಾಗುತ್ತದೆ. ಸದ್ದಿನ್ನೂ ಬಂದಿಲ್ಲದಿದ್ದರೆ ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಿ, ಬೂಟು ಬದಲಿಸಿದರೆ ಜಾಯಿಂಟು ಉಳಿಯಬಹುದು. ಕಟಕಟ ಶುರುವಾದ ಮೇಲೆ ಬೂಟು ಬದಲಿಸುವುದು ದಂಡ.

ನಡುಕ ಫೋರ್ ಹೈನಲ್ಲಿ ಏರು ಹತ್ತುವಾಗ ಬಂದು, ಆಕ್ಸಿಲರೇಟರ್ ಬಿಟ್ಟಾಗ ಹೋದರೆ, ಸ್ಟೇರಿಂಗ್ ನೇರ ಇದ್ದಾಗಲೂ ಬಂದರೆ, ಒಳ ಜಾಯಿಂಟಿನ ಕೋನ. ಹೊಸ ಆಕ್ಸಲ್ ತರುವ ಮೊದಲು ಗಾಡಿಯನ್ನು 15-20 ಮಿ.ಮೀ. ಇಳಿಸಿ ಅದೇ ಏರು ಹತ್ತಿಸಿ. ಟಾರ್ಶನ್ ಬಾರ್ ಇದ್ದರೆ ಅರ್ಧ ಗಂಟೆಯ ಕೆಲಸ, ಎತ್ತರ ಹೊಂದಿಸುವ ಶಾಕ್ ಇದ್ದರೂ ಸುಲಭ. ನಡುಕ ಕಡಿಮೆಯಾದರೆ ಆಕ್ಸಲ್ ಚೆನ್ನಾಗಿದೆ, ಎತ್ತರ ಹೆಚ್ಚಾಗಿದೆ. ಇಂಥ ಗಾಡಿಗಳಿಗೆ 50 ಮಿ.ಮೀ. ಮೀರಿ ಎತ್ತುವುದಾದರೆ ಡಿಫರೆನ್ಶಿಯಲನ್ನೂ ಇಳಿಸಬೇಕು. ಆದರೆ ಅಗ್ಗದ ಕಿಟ್‌ಗಳಲ್ಲಿ ಮುಂದಿನ ಮೌಂಟಿಗೆ ಮಾತ್ರ ಸ್ಪೇಸರ್ ಇರುತ್ತದೆ. ಅದರಿಂದ ಡಿಫರೆನ್ಶಿಯಲ್ ಇಳಿಯುವುದಕ್ಕಿಂತ ವಾಲುತ್ತದೆ, ಆಕ್ಸಲ್ ಕೋನ ಅಷ್ಟಾಗಿ ಸುಧಾರಿಸುವುದಿಲ್ಲ, ಪ್ರೊಪೆಲ್ಲರಿನ ಕೋನ ಹೊಸದಾಗಿ ಕೆಡುತ್ತದೆ. ನಾವಾದರೆ ಆ ದುಡ್ಡನ್ನು ಅಲ್ಲಿ ಹಾಕದೆ ಎತ್ತರವನ್ನೇ ಇಳಿಸುತ್ತೇವೆ.

ಬೇರಿಂಗ್, ಟೈರು

ಮಡ್ ಟೈರ್ ಹಾಕಿಸಿದ್ದರೆ ಗುಂಯ್ ಸದ್ದು ಟೈರಿನದೇ ಇರಬಹುದು. ರಸ್ತೆಯ ಮೈ ಬದಲಾದಾಗ, ಅಂದರೆ ಟಾರಿನಿಂದ ಕಾಂಕ್ರೀಟಿಗೆ ಹೋದಾಗ, ಸದ್ದೂ ಬದಲಾದರೆ ಟೈರು. ಬದಲಾಗದಿದ್ದರೆ ಬೇರಿಂಗ್. ಚಕ್ರಗಳನ್ನು ಹಿಂದೆಮುಂದೆ ಬದಲಿಸಿದಾಗ ಸದ್ದು ಹಿಂದಕ್ಕೆ ಹೋದರೂ ಟೈರೇ.

ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟವಿದ್ದರೆ ಸಹಾಯಕ ಬ್ರೇಕ್ ಒತ್ತಲಿ. ಒತ್ತಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟು ಅಥವಾ ಕಿಂಗ್‌ಪಿನ್. ಎಡಬಲ ಹಿಡಿದು ಅಲ್ಲಾಡಿಸಿದಾಗ ಆಟ ಬಂದರೆ ಟೈ ರಾಡ್ ಎಂಡ್. ಹಳೆ ಜೀಪು, ಜಿಪ್ಸಿಗಳಲ್ಲಿ ಹಬ್ ಬಿಚ್ಚಿ ಹಾಕಿದ್ದರೆ ಬೇರಿಂಗ್ ಬಿಗಿತ ತಪ್ಪಿರುವ ಸಾಧ್ಯತೆ ಹೆಚ್ಚು: ಅತಿ ಬಿಗಿಯಾದರೆ ಹಬ್ ಬಿಸಿಯಾಗುತ್ತದೆ. ಬ್ರೇಕ್ ಹೆಚ್ಚು ಬಳಸದೆ ಹತ್ತು ಕಿ.ಮೀ. ಓಡಿಸಿ ಎರಡೂ ಹಬ್ಬಿನ ಬಳಿ ಕೈ ತಂದರೆ ವ್ಯತ್ಯಾಸ ತಿಳಿಯುತ್ತದೆ.

ಗಟ್ಟಿ ಹೌಸಿಂಗ್ ಗಾಡಿಗಳದ್ದೇ ತಕರಾರುಗಳು

ಜಿಮ್ನಿಯ ಹೌಸಿಂಗನ್ನು ಹಿಡಿದಿರುವ ಎರಡು ಉದ್ದ ಆರ್ಮುಗಳು ಹಿಂದಕ್ಕೆ ಚಾಸಿಗೆ ಸೇರುತ್ತವೆ. ಗಾಡಿ ಎತ್ತಿದಾಗ ಆರ್ಮಿನ ಮುಂತುದಿ ಇಳಿದು ಹೌಸಿಂಗ್ ಮುಂದಕ್ಕೆ ಹೊರಳುತ್ತದೆ: ಕ್ಯಾಸ್ಟರ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ, ಪಿನಿಯನ್ (ಪ್ರೊಪೆಲ್ಲರ್ ಬಂದು ಸೇರುವ ಗೇರು) ಮೇಲಕ್ಕೆ ನೋಡುತ್ತದೆ. ಕ್ಯಾಸ್ಟರ್ ಕಡಿಮೆಯಾದರೆ ಸ್ಟೇರಿಂಗ್ ಹಗುರಾಗಿ, ಒಂದು ಗುಂಡಿಗೆ ಇಡೀ ಮುಂಭಾಗ ಗಡಗಡ ಅಲುಗಲು ಶುರುವಾಗಬಹುದು. ಅದಕ್ಕೆ ಕ್ಯಾಸ್ಟರ್ ಬುಷ್ ಹಾಕಿದರೆ ಹೌಸಿಂಗ್ ಹಿಂದಕ್ಕೆ ಹೊರಳಿ ಪಿನಿಯನ್ ಕೆಳಗೆ ಬಾಗುತ್ತದೆ, ಆಗ ಫೋರ್ ಹೈನಲ್ಲಿ ಪ್ರೊಪೆಲ್ಲರ್ ಗುರ್ರ್ ಎನ್ನುತ್ತದೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಸ್ವಲ್ಪ ಕೆಡುವುದು ಇಲ್ಲಿ ತಪ್ಪಿದ್ದಲ್ಲ. ಗಾಡಿ ಬಹುಪಾಲು ಟೂ ವೀಲ್‌ನಲ್ಲೇ ಓಡುವುದರಿಂದ ಕ್ಯಾಸ್ಟರ್ ಕಡೆಗೆ ಒಲಿಯುವುದು ಜಾಣತನ. ಗಡಗಡ ಇದ್ದರೆ ಹೌಸಿಂಗಿನ ಅಡ್ಡ ರಾಡಿನ ಎರಡೂ ಬೋಲ್ಟನ್ನೂ ನೋಡಿ. ಸಹಾಯಕ ನಿಂತಲ್ಲೇ ಸ್ಟೇರಿಂಗ್ ಎಡಬಲ ಆಡಿಸುವಾಗ ರಾಡಿನ ತುದಿಗೆ ಬೆರಳಿಟ್ಟರೆ ಸಡಿಲ ತಿಳಿಯುತ್ತದೆ.

ಜಿಮ್ನಿಯ ಹಬ್ ನಿರ್ವಾತದಿಂದ ಲಾಕ್ ಆಗುತ್ತದೆ. ಅದಕ್ಕೆ ಹೋಗುವ ರಬ್ಬರ್ ಪೈಪು ಲಿಫ್ಟಿನ ನಂತರ ಎಳೆದುಕೊಂಡರೆ, ಅಥವಾ ಕಳಚಿಕೊಂಡರೆ, ಹಬ್ ಅರ್ಧಂಬರ್ಧ ಕೂತು ಹಲ್ಲು ಕಡಿಯುವಂಥ ಗರ್ರ್ ಸದ್ದು ಬರುತ್ತದೆ. ಚಕ್ರ ಪೂರ್ತಿ ಜೋತಿರುವಾಗ ಸ್ಟೇರಿಂಗ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ ಪೈಪಿಗೆ ಸಡಿಲ ಉಳಿದಿದೆಯೇ ನೋಡಿ. ಬ್ರೇಕ್ ಪೈಪು, ಎಬಿಎಸ್ ವೈರುಗಳನ್ನೂ ಹೀಗೇ ನೋಡಿ.

ಪ್ಲೇಟ್ ಸ್ಪ್ರಿಂಗಿನ ಗಾಡಿಗಳಲ್ಲಿ ಯು ಬೋಲ್ಟುಗಳೇ ಮೊದಲ ಆರೋಪಿ. ಹೊಸ ಪ್ಲೇಟ್ ಕೂತಂತೆ ಅವು ಸಡಿಲವಾಗುತ್ತವೆ, ಬ್ರೇಕ್ ಹಾಕಿದಾಗಲೆಲ್ಲ ಹೌಸಿಂಗ್ ಸರಿದು ದಡ್ ಎನ್ನುತ್ತದೆ. ಗಾಡಿ ಎತ್ತರಿಸಲು ಮುಂದಿನ ಸ್ಪ್ರಿಂಗಿಗೂ ಹೌಸಿಂಗಿಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟಿದ್ದರೆ ಇಂದೇ ತೆಗೆಸಿ. ಜಾರುವ ಪ್ರೊಪೆಲ್ಲರಿನ ಸ್ಪ್ಲೈನ್ ಎತ್ತರದಿಂದಾಗಿ ಹೊರಗೆ ಎಳೆದುಕೊಂಡಿರುತ್ತದೆ. ಹೌಸಿಂಗ್ ಜೋತಾಗಲೂ ಅದರ ವ್ಯಾಸಕ್ಕಿಂತ ಹೆಚ್ಚು ಉದ್ದ ಒಳಗೇ ಉಳಿಯಬೇಕು. ಫೋರ್ ವೀಲ್‌ನಲ್ಲಿ ಹೊರಡುವಾಗ ನಿಲ್ಲುವಾಗ ಒಂದೇ ಟಕ್ ಬರುತ್ತಿದ್ದರೆ ಮೊದಲು ಸ್ಪ್ಲೈನಿಗೂ ಪ್ರೊಪೆಲ್ಲರ್ ತುದಿಯ ಜಾಯಿಂಟಿನ ಕ್ರಾಸಿಗೂ ಗ್ರೀಸ್ ಒತ್ತಿ.

ಆದ ಮೇಲೆ

ಎತ್ತರ ಒಂದಿಷ್ಟು ಬದಲಾಯಿಸಿದರೂ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು. 100 ಕಿ.ಮೀ. ಆದ ಮೇಲೊಮ್ಮೆ, 500 ಕಿ.ಮೀ. ಆದ ಮೇಲೊಮ್ಮೆ ಬಿಳಿ ಗೆರೆಗಳನ್ನು ನೋಡಿ, ಟಾರ್ಕ್ ರೆಂಚ್ ಇಟ್ಟು ಪರೀಕ್ಷಿಸಿ. ಡಿಫರೆನ್ಶಿಯಲಿನ ಬ್ರೀದರ್ ಪೈಪು ತನ್ನ ಜಾಗದಲ್ಲಿದೆಯೇ ಎಂದೂ ನೋಡಿ. ಅದು ಕಳಚಿಕೊಂಡ ಗಾಡಿ ತೋಡು ದಾಟಿದರೆ ಬಿಸಿ ಹೌಸಿಂಗ್ ತಣ್ಣಗಾಗುತ್ತಾ ನೀರು ಹೀರಿಕೊಳ್ಳುತ್ತದೆ. ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕಿದಾಗ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಕೂಡಲೇ ಬದಲಿಸಿ. ತಡ ಮಾಡಿದರೆ ಕ್ರೌನ್ ಪಿನಿಯನ್ನೇ ಗುಂಯ್‌ಗುಟ್ಟಲು ಶುರುವಾಗುತ್ತದೆ, ಅದಕ್ಕೆ ಬಿಗಿ ಮಾಡುವ ಬೋಲ್ಟು ಯಾವುದೂ ಇಲ್ಲ.

ಇನ್ನೊಂದು, ಸದ್ದಿಗೆ ಸಂಬಂಧಿಸದ್ದು: ನೋಂದಣಿಯಲ್ಲಿರುವ ಕಂಪನಿ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ವಾರಂಟಿ ಮತ್ತು ವಿಮೆಯ ತಕರಾರೂ ಅಲ್ಲಿಂದಲೇ ಹುಟ್ಟುತ್ತದೆ. ಬಿಚ್ಚಿದ ಮೂಲ ಸ್ಪ್ರಿಂಗ್, ಶಾಕ್, ಬೋಲ್ಟುಗಳನ್ನು ಗುಜರಿಗೆ ಹಾಕದೆ ಎಡಬಲ ಗುರುತು ಮಾಡಿ ಇಟ್ಟುಕೊಳ್ಳಿ. ಎಷ್ಟು ಹುಡುಕಿದರೂ ಸದ್ದಿನ ಮೂಲ ಸಿಗದಾಗ ಅವನ್ನೇ ಮತ್ತೆ ಹಾಕಿ ಓಡಿಸಿ ನೋಡಬಹುದು. ಆಗಲೂ ಸದ್ದು ಹೋಗದಿದ್ದರೆ ಕಾರಣ ಲಿಫ್ಟ್ ಅಲ್ಲ.